ಯಾಕಮ್ಮ ಹಾಕಿದ ಹಳೇ ಬ್ಯಾಕಪ್

ಮನೇಲಿ ಎಲ್ರೂ ಅವಳನ್ನ ಯಾಕಮ್ಮ ಅಂತಾನೇ ಕರೆಯೋದು. ಮಾತು ಬಂದಾಗಿಂದ "ಯಾಕೆ? ಯಾಕೆ?" ಅಂತ ಎಲ್ಲರ ತಲೆ ತಿಂದವಳು. ಬೆಳೆದ ಮೇಲೆ ಭಾವನ ಜೊತೆ ಓಡಾಡಿ ಸಿಸಿಟಿವಿ ಕ್ಯಾಮೆರಾ ರಿಪೇರಿ ಕಲಿತಳು. ಭಾವ ಆ ಕೆಲಸ ಬಿಟ್ಟು ಮೀನಿನ ತೊಟ್ಟಿ ಅಂಗಡಿ ಇಟ್ಟಾಗ ಅವನ ಗಿರಾಕಿಗಳೆಲ್ಲ ಇವಳ ಪಾಲಿಗೆ ಬಂದ್ರು.

ಆವತ್ತು ಊಟ ಮುಗಿಸೋ ಹೊತ್ತಿಗೆ ಲಾಂಡ್ರಿ ಯಜಮಾನರ ಫೋನು. "ಕರೆಂಟು ಹೋಗಿ ಬಂತಮ್ಮ, ರೆಕಾರ್ಡರ್ ಎಲ್ಲಾ ಮರೆತು ಕೂತಿದೆ. ಒಂದು ಕ್ಯಾಮೆರಾನೂ ಕಾಣ್ತಿಲ್ಲ. ನಾಲ್ಕು ಗಂಟೆಯೊಳಗೆ ನೆಟ್ಟಗಾಗಬೇಕು."

"ಯಾಕೆ ನಾಲ್ಕು?"

ಯಾಕೆ ಅಂದ್ರೆ, ಹೋದ ವಾರ ಒಬ್ಬ ಗಾಯಕನಿಗೆ ಯಾರದೋ ಕೋಟು ಪ್ಯಾಕ್ ಆಗಿ ಹೋಗಿತ್ತು. ವೇದಿಕೆ ಹತ್ತೋಕೆ ಎರಡು ನಿಮಿಷ ಇರೋವಾಗ ಆತ ಬಿಚ್ಚಿ ನೋಡಿದ್ದು. ಬೇರೆ ದಾರಿ ಇಲ್ಲದೆ ಅದನ್ನೇ ತೊಟ್ಟ. ತೋಳು ಮೊಣಕೈಗೇ ನಿಂತುಬಿಡ್ತು, ಜನ ಹಾಡು ಕೇಳೋದು ಬಿಟ್ಟು ನಕ್ಕರು. ಈಗ ನಾಲ್ಕಕ್ಕೆ ಬರ್ತಾನಂತೆ, ತಪ್ಪು ಯಾರದು ಅಂತ ಹೇಳಿ ಅಂತ ಪಟ್ಟು ಹಿಡಿದಿದ್ದಾನೆ. ಯಜಮಾನರು ಬೆರಳು ತೋರಿಸ್ತಿರೋದು ಇಸ್ತ್ರಿ ಅಕ್ಕನ ಕಡೆ. ಹ್ಯಾಂಗರಿಗೆ ಹೆಸರಿನ ಚೀಟಿ ಕಟ್ಟೋದು ಅವಳೇ ತಾನೆ?

"ನಾನು ಸರಿಯಾಗೇ ಕಟ್ಟಿದ್ದೆ ಕಣಮ್ಮಾ," ಅಂದಳು ಇಸ್ತ್ರಿ ಅಕ್ಕ, ಯಾಕಮ್ಮ ಒಳಗೆ ಕಾಲಿಡುತ್ತಲೇ. "ಆ ದಿನದ ವೀಡಿಯೋ ಸಿಗದಿದ್ರೆ ನಾಳೆಯಿಂದ ಬರಬೇಡ ಅಂದಿದ್ದಾರೆ. ಆರು ವರ್ಷ ಆಯ್ತು ಇಲ್ಲಿ."

"ಸಿಗುತ್ತೆ ಅಕ್ಕಾ. ಸೆಟ್ಟಿಂಗ್ ಅಳಿಸಿಹೋಗಿದೆ ಅಷ್ಟೇ, ರೆಕಾರ್ಡಿಂಗ್ ಡಿಸ್ಕಲ್ಲಿ ಹಾಗೇ ಇರುತ್ತೆ. ತೆಗೆದಿಟ್ಟಿರೋ ಸೆಟ್ಟಿಂಗ್ ಬ್ಯಾಕಪ್ ಹಾಕಿಬಿಟ್ರೆ ಐದೇ ನಿಮಿಷ."

ಪೆನ್‌ಡ್ರೈವಲ್ಲಿ ಹೆಚ್ಚುಕಮ್ಮಿ ಒಂದೇ ಹೆಸರಿನ ಎರಡು ಫೈಲು. ಹೊಸ ತಾರೀಕಿನದ್ದು ನೋಡಿ ಒತ್ತಿದಳು. ರೆಕಾರ್ಡರ್ ಆರಿ ಹತ್ತಿಕೊಳ್ತು. ಪಾಸ್‌ವರ್ಡ್ ಕೇಳ್ತು. ತನ್ನದು ಹಾಕಿದಳು. ತಪ್ಪು ಅಂತು. ಬೆರಳು ಜಾರಿತೇನೋ ಅಂತ ಇನ್ನೊಂದ್ಸಲ ಹಾಕಿದಳು. ಆಗಲೂ ತಪ್ಪು!

ಯಾಕೆ? ಪೆನ್‌ಡ್ರೈವನ್ನ ಲ್ಯಾಪ್‌ಟಾಪಿಗೆ ಚುಚ್ಚಿ ಮತ್ತೆ ನೋಡಿದಳು, ಆಗ ಗೊತ್ತಾಯ್ತು. ಹೋದ ತಿಂಗಳು ಅವಳು ಬ್ಯಾಕಪ್ ತೆಗೆದಾಗ ರೆಕಾರ್ಡರಿನ ಗಡಿಯಾರದ ಬ್ಯಾಟರಿ ಸತ್ತಿತ್ತು. ಹೊಸಾ ಬ್ಯಾಟರಿ ಹಾಕಿದ್ದು ಆಮೇಲೆ. ಹಂಗಾಗಿ ಅವಳ ಹೊಸ ಫೈಲಿನ ಮೇಲೆ ಇಪ್ಪತ್ತೈದು ವರ್ಷ ಹಿಂದಿನ ತಾರೀಕು ಬಿದ್ದಿತ್ತು! ಹೊಸದು ಅಂದ್ಕೊಂಡು ಈಗ ಹಾಕಿದ್ದು ಮೂರು ವರ್ಷದ ಹಿಂದೆ ಭಾವ ತೆಗೆದಿಟ್ಟಿದ್ದ ಫೈಲು. ಸೆಟ್ಟಿಂಗ್ ಜೊತೆ ಭಾವನ ಪಾಸ್‌ವರ್ಡೂ ವಾಪಸ್ ಬಂದು ಬಾಗಿಲಲ್ಲಿ ಕೂತಿದೆ.

"ನನ್ನದೇ ತಪ್ಪು ಅಕ್ಕಾ," ಅಂದು ಭಾವನಿಗೆ ಫೋನ್ ಹಚ್ಚಿದಳು.

"ಮೂರು ವರ್ಷದ ಹಿಂದಿಂದಾ? ತಾಯಿ, ನನಗೆ ಬೆಳಗ್ಗೆ ತಿಂದಿದ್ದೇ ನೆನಪಿಲ್ಲ!"

"ಪಾಸ್‌ವರ್ಡ್ ಹೆಂಗೆ ಇಡ್ತಿದ್ರಿ, ಅದಾದ್ರೂ ಹೇಳಿ ಭಾವಾ."

"ಅಯ್ಯೋ, ರೆಕಾರ್ಡರ್ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ್ಕೊಂಡು, ಎದುರಿಗೆ ಯಾವ ನಂಬರ್ ಕಂಡ್ರೆ ಅದನ್ನ ಒತ್ತೋದು. ಎದುರಿಗೇ ಇರುತ್ತಲ್ಲ, ಮರೆತ್ರೂ ಸಿಗುತ್ತೆ ಅಂತ."

"ಆಹಾ, ಏನ್ ಬುದ್ಧಿ! ನಮ್ಮಕ್ಕ ನಿಮ್ಮನ್ನ ಸುಮ್ನೆ ಬೈಯಲ್ಲ ಬಿಡಿ."

ಬೈದಳೇನೋ ನಿಜ, ಆದ್ರೆ ಒಳಗೊಳಗೇ ಅವಳಿಗೆ ಭಾರೀ ಖುಷಿ. ಮೂರು ವರ್ಷದ ಹಿಂದೆ ಭಾವನ ಕಣ್ಣಿಗೆ ಬಿದ್ದಿದ್ದು ಏನು? ನೆಲದ ಮೇಲೆ ಅದೇ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಎಡಗಡೆ ಬೆಂಕಿ ಆರಿಸೋ ಕೆಂಪು ಸಿಲಿಂಡರು. ಅದರ ನಂಬರ್ ಒತ್ತಿದಳು, ಆಗಲಿಲ್ಲ. ಮೇಜಿನ ಕೆಳಗೊಂದು ಚೀಟಿ. ಬಗ್ಗಿ ಓದಿ ಒತ್ತಿದಳು, ಅದೂ ಅಲ್ಲ. ನಾಲ್ಕು ಸಲ ಮುಗೀತು. ಐದನೇದೂ ತಪ್ಪಾದ್ರೆ ರೆಕಾರ್ಡರ್ ಅರ್ಧ ಗಂಟೆ ಬಾಗಿಲು ಹಾಕ್ಕೊಳ್ಳುತ್ತೆ. ಗೋಡೆ ಗಡಿಯಾರದಲ್ಲಿ ಮೂರು ನಲವತ್ತು.

ನೇರ ಎದುರಿಗೆ ಇರೋದು ಸೋಪಿನಪುಡಿ ಡಬ್ಬದ ರಾಶಿ. ಆದ್ರೆ ಡಬ್ಬ ವಾರವಾರ ಖಾಲಿಯಾಗುತ್ತಲ್ಲ?

"ಅಕ್ಕಾ, ಮೂರು ವರ್ಷದ ಹಿಂದೆ ಈ ಜಾಗದಲ್ಲಿ ಏನಿತ್ತು?"

"ಈ ಜಾಗದಲ್ಲಾ? ಹಳೇ ಬಾಯ್ಲರ್ರು. ಹಾಳಾದ್ದು, ಗುಜರಿಗೆ ಹೋಯ್ತು."

ಯಾಕಮ್ಮನ ಮುಖ ಸಪ್ಪಗಾಯ್ತು. "ಅದರ ಮೇಲೆ ನಂಬರ್ ಏನಾದ್ರೂ..."

"ಇತ್ತಲ್ಲ, ಹಿತ್ತಾಳೆ ಪಟ್ಟಿ ಮೇಲೆ! ವಾರಕ್ಕೊಂದ್ಸಲ ಕೆಡ್ತಿತ್ತು. ರಿಪೇರಿಯವನಿಗೆ ಫೋನ್ ಮಾಡೋದು ನಾನೇ. ಆ ಕಿವುಡನಿಗೆ ಕೂಗಿ ಕೂಗಿ ಹೇಳಿ ಮಗ್ಗಿ ಥರ ಬಾಯಿಪಾಠ ಆಗಿದೆ." ಇಸ್ತ್ರಿ ಅಕ್ಕ ಕಣ್ಣು ಮುಚ್ಚಿ, ಸೊಂಟಕ್ಕೆ ಕೈ ಕೊಟ್ಟು, ಬೀದಿಗೆ ಕೇಳೋ ಹಾಗೆ ಕೂಗಿದಳು. "ಬಿ, ಟಿ, ನಾಲ್ಕು, ಸೊನ್ನೆ, ಏಳು, ಏಳು, ಒಂದು, ಒಂಬತ್ತು!"

ಯಾಕಮ್ಮ ಒಂದೊಂದೇ ಒತ್ತಿದಳು.

ರೆಕಾರ್ಡರ್ ಬಾಗಿಲು ತೆರೀತು!

ಕುಣಿಯೋಕೆ ಪುರುಸೊತ್ತಿರಲಿಲ್ಲ. ತಡಮಾಡದೆ ತನ್ನ ಸರಿಯಾದ ಫೈಲು ಹಾಕಿದಳು. ರೆಕಾರ್ಡರ್ ಮತ್ತೆ ಆರಿ ಹತ್ತಿ, ಎಂಟೂ ಕ್ಯಾಮೆರಾ ಕಣ್ಣು ಬಿಟ್ಟವು. ಯಜಮಾನರೂ ಬಂದು ಹಿಂದೆ ನಿಂತರು. ಯಾಕಮ್ಮ ಹೋದ ವಾರದ ಆ ದಿನದ ರೆಕಾರ್ಡಿಂಗ್ ತೆಗೆದಳು. ಪರದೆ ಮೇಲೆ ಇಸ್ತ್ರಿ ಅಕ್ಕ ಗಾಯಕನ ಕೋಟಿಗೆ ಇಸ್ತ್ರಿ ಹಾಕಿ, ಹ್ಯಾಂಗರಿಗೇರಿಸಿ, ಚೀಟಿ ಎರಡು ಸಲ ಓದಿ ಕಟ್ಟಿ ಹೋದಳು.

"ಸರಿಯಾಗೇ ಇದೆಯಲ್ಲ? ಆಮೇಲೆ ಏನಾಯ್ತು?" ಯಾಕಮ್ಮ ಮುಂದಕ್ಕೆ ಓಡಿಸಿದಳು.

ಪರದೆ ಮೇಲೆ ಯಜಮಾನರು ಬಂದರು. ಆ ಕಡೆ ಈ ಕಡೆ ನೋಡಿ ಗಾಯಕನ ಕೋಟನ್ನ ಹ್ಯಾಂಗರಿಂದ ತೆಗೆದು ತಾವೇ ತೊಟ್ಟರು. ಕನ್ನಡಿ ಮುಂದೆ ನಿಂತು ಎದೆ ಉಬ್ಬಿಸಿದರು, ಒಂದು ಕೈ ಚಾಚಿ ಬಾಯಿ ತೆರೆದು ಹಾಡಿದರು. ಯಾರೋ ಬಂದ ಸದ್ದಾಯ್ತೇನೋ, ದಡಬಡ ಬಿಚ್ಚಿದರು. ಆ ಗಡಿಬಿಡೀಲಿ ಪಕ್ಕದ ಹ್ಯಾಂಗರಿನ ಕೋಟನ್ನೂ ಕೆಡವಿದರು. ಎರಡನ್ನೂ ಎತ್ತಿ, ಅದರ ಹ್ಯಾಂಗರಿಗೆ ಇದು, ಇದರ ಹ್ಯಾಂಗರಿಗೆ ಅದು ಸಿಕ್ಕಿಸಿ ನಡೆದುಬಿಟ್ಟರು.

ಹೊರಗೆ ಅಂಗಡಿ ಗಂಟೆ ಟಿಣ್ ಅಂತು. ಗಾಯಕ ಬಂದಿದ್ದ.

ಇಸ್ತ್ರಿ ಅಕ್ಕ ಪರದೆಯನ್ನೇ ನೋಡ್ತಾ ನಿಧಾನಕ್ಕೆ ಅಂದಳು, "ಕೋಟು ನಿಮಗೂ ಚೆನ್ನಾಗೇ ಒಪ್ಪಿದೆ ಯಜಮಾನ್ರೇ. ಹೋಗಿ, ಅವರಿಗೆ ನೀವೇ ಹೇಳ್ಬಿಡಿ."

ಯಜಮಾನರು ಶರ್ಟಿನ ಕಾಲರ್ ಸರಿಮಾಡ್ಕೊಂಡರು. "ನಾಳೆ ಎಂದಿನ ಟೈಮಿಗೇ ಬಾ," ಅಂತ ಅವಳ ಮುಖ ನೋಡದೇ ಹೇಳಿ, ಕೌಂಟರ್ ಕಡೆ ಹೊರಟರು.