ದೋಣಿ ಪಕ್ಷದ ಹನ್ನೊಂದನೇ ಚುನಾವಣೆ

ಏಪ್ರಿಲ್ ತಿಂಗಳ ಕೊನೆಯ ವಾರ ಆಲ್ಡರ್‌ನೆಸ್ ಊರಿನ ಪ್ರತಿ ಮನೆಯ ಬಾಗಿಲಲ್ಲಿ ಟಪಾಲು ಹಾಕುವ ಸೀಳಿನಿಂದಲೂ ಒಂದೊಂದು ನೀಲಿ ಕರಪತ್ರ ಒಳಗೆ ಬಿತ್ತು. ಮೇವಿಸ್ ಥರ್ಕೆಟಲ್ ಮನೆಗೂ ಬಿತ್ತು. ಹಂಚಿದವನಿಗೆ ಅದು ಯಾರ ಮನೆ ಎಂದು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಕಿಟಕಿಯ ಗಾಜಿಗೆ ಅಂಟಿಸಿದ್ದ ‘ದೋಣಿ ಪಕ್ಷಕ್ಕೆ ನಿಮ್ಮ ಓಟು’ ಎಂಬ ಭಿತ್ತಿಪತ್ರ ಕುರುಡನಿಗೂ ಕಾಣುವಷ್ಟು ದೊಡ್ಡದಿತ್ತು.

ಮೇವಿಸ್ ಬಗ್ಗಿ ಅದನ್ನು ಎತ್ತಿಕೊಂಡು, ಚಹಾ ಆರುವುದನ್ನೂ ಮರೆತು ಓದಿದಳು. ಮೇಲೆ ದಪ್ಪ ಅಕ್ಷರದಲ್ಲಿ ‘ದೋಣಿ ಪಕ್ಷದ ಅಮೋಘ ಸಾಧನೆ’ ಎಂದಿತ್ತು. ಕೆಳಗೆ ಹತ್ತು ಚುನಾವಣೆ, ಹತ್ತು ಅಂಕಿ. ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ ಇನ್ನೂರ ಹದಿನಾಲ್ಕು ಓಟು. ಎಂಬತ್ತೇಳರಲ್ಲಿ ನೂರ ಅರವತ್ತು. ಹಾಗೇ ಇಳಿಯುತ್ತ ಇಳಿಯುತ್ತ ಹೋದ ಸಲ ನಲವತ್ತಮೂರು. ಗೆಲುವು ಸೊನ್ನೆ. ಕೊನೆಯಲ್ಲಿ ಒಂದು ಸಾಲು: ‘ನಿಮ್ಮ ಓಟನ್ನು ನೀರಿಗೆ ಹಾಕಬೇಡಿ. ಪಿಯರ್ಸ್ ಹ್ಯಾಲಿಡೇ ಅವರಿಗೆ ಹಾಕಿ.’

ಸುಳ್ಳು ಬರೆದಿದ್ದರೆ ಜಗಳ ಆಡಬಹುದಿತ್ತು. ಒಂದಂಕಿಯೂ ಸುಳ್ಳಲ್ಲ. ಮೊದಲ ಮೂರು ಅಂಕಿ ಅವಳ ಗಂಡ ಲೆನ್‌ನವು. ಅವನು ತೀರಿಹೋದ ಮೇಲಿನ ಏಳೂ ಅವಳವು. ಸತ್ತವನ ಸೋಲನ್ನೂ ಅಗೆದು ತೆಗೆದು ಊರಿಗೆಲ್ಲ ಹಂಚಿದ್ದು ಅವಳಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು.

ಈ ಪಕ್ಷಕ್ಕೆ ಇದ್ದದ್ದು ಒಂದೇ ಬೇಡಿಕೆ. ಊರಿನ ಮುಂದಿನ ಅಳಿವೆಯ ಆಚೆ ದಡದಲ್ಲಿ ಬ್ರೇಫ್ಲೀಟ್ ಇದೆ. ಅಲ್ಲಿ ಯಾರ ಮನೆಯಲ್ಲಿ ಇವತ್ತು ಬಟ್ಟೆ ಒಗೆದಿದ್ದಾರೆ ಎಂದು ಇಲ್ಲಿಂದಲೇ ಹೇಳಬಹುದು. ಹಿಂದೆ ದೋಣಿಯಲ್ಲಿ ಎಂಟು ನಿಮಿಷದ ದಾರಿ. ಎಂಬತ್ತೆರಡರಲ್ಲಿ ದೋಣಿ ನಿಲ್ಲಿಸಿದರು. ಅಂದಿನಿಂದ ಮೇಲಿನ ಸೇತುವೆ ಸುತ್ತಿ ಇಪ್ಪತ್ತಾರು ಮೈಲಿ, ಎರಡು ಬಸ್ಸು. ದೋಣಿ ಮತ್ತೆ ಬರಬೇಕು, ಅಷ್ಟೇ. ನಲವತ್ತು ವರ್ಷ ಅದನ್ನೇ ಕೇಳಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಈ ಸಲ ಮಾತ್ರ ಮುಂದಿನ ಸಲ ಎಂಬುದು ಇರಲಿಲ್ಲ. ಹಳೆಯ ದೋಣಿಕಟ್ಟೆಯನ್ನು ಫ್ಲ್ಯಾಟು ಕಟ್ಟುವವನೊಬ್ಬನಿಗೆ ಮಾರಬೇಕೆಂದು ಕೌನ್ಸಿಲ್ ಹೊರಟಿತ್ತು. ಚಳಿಗಾಲದ ಸಭೆಯಲ್ಲಿ ಆ ಮಾತು ಒಂದೇ ಒಂದು ಓಟಿನಿಂದ ಪಾಸಾಗಿತ್ತು, ಆ ಒಂದು ಓಟು ಈ ವಾರ್ಡಿನ ಸದಸ್ಯ ಪಿಯರ್ಸ್ ಹ್ಯಾಲಿಡೇಯದು. ಜೂನ್‌ನಲ್ಲಿ ಕೊನೆಯ ತೀರ್ಮಾನ. ಕಟ್ಟೆಯೇ ಹೋದರೆ ದೋಣಿಯನ್ನು ಯಾರ ತಲೆಗೆ ಕಟ್ಟುತ್ತಾರೆ?

ಹತ್ತು ಗಂಟೆಗೆ ಹೊರೇಸ್ ಬಾರೆಟ್ ಬಂದ. ಅವನು ನಿವೃತ್ತ ಬಸ್ ಡ್ರೈವರ್, ಮೊದಲಿನಿಂದಲೂ ಪಕ್ಷದ ಚುನಾವಣಾ ಏಜೆಂಟ್. ಕೋಟಿಗೆ ಕಂದು ಬಣ್ಣದ ರಿಬ್ಬನ್ ಹೂವು ಸಿಕ್ಕಿಸಿಕೊಂಡಿದ್ದ. ಚೆಂದದ ಬಣ್ಣಗಳನ್ನೆಲ್ಲ ದೊಡ್ಡ ಪಕ್ಷಗಳು ಹಂಚಿಕೊಂಡ ಮೇಲೆ ಇವರ ಪಾಲಿಗೆ ಉಳಿದದ್ದು ಅದೇ.

“ಓದಿದ್ಯಾ?” ಅಂದ.

“ಓದ್ದೆ. ನನ್ನ ಹೆಸರು ವಾಪಸ್ ತಗೊಂಡ್ಬಿಡು ಹೊರೇಸ್.”

“ವಾಪಸ್ ತಗೊಳ್ಳೋ ದಿನ ಮುಗಿದು ಮೂರು ವಾರ ಆಯ್ತು ಕಣೇ. ನೀನು ಬೇಡ ಅಂದ್ರೂ ಹೆಸರು ಅಚ್ಚಾಗಿರುತ್ತೆ. ಬೂಟು ಹಾಕ್ಕೋ, ಮಿಲ್ ಬೀದಿ ಇನ್ನೂ ಬಾಕಿ ಇದೆ.”

“ಈ ಚೀಟಿ ಹಿಡ್ಕೊಂಡಿರೋರ ಮುಂದೆ ಹೋಗಿ ನಿಲ್ಲಬೇಕಾ? ನಾಚಿಕೆ ಆಗುತ್ತೆ ಮಾರಾಯ.”

“ಆಗ್ಲಿ. ನಾಚಿಕೆ ಪಟ್ಕೊಂಡೇ ನಡಿ. ಕಾಲಿಗೇನೂ ಆಗಿಲ್ಲವಲ್ಲ?”

ಹೋದಳು. ಆ ವಾರವೆಲ್ಲ ಬಾಗಿಲು ತಟ್ಟಿದಳು. ಜನ ಹಿಂದೆಂದೂ ಅಷ್ಟು ಒಳ್ಳೆಯವರಾಗಿರಲಿಲ್ಲ, ಅದೇ ಅವಳನ್ನು ಕೊಂದದ್ದು. ಮುಂಚೆ ಅರ್ಧ ಬಾಗಿಲು ತೆರೆದು ‘ಯೋಚನೆ ಮಾಡ್ತೀವಿ’ ಎನ್ನುತ್ತಿದ್ದವರು ಈಗ ಪೂರ್ತಿ ತೆರೆದು, ಮನೆಯಲ್ಲಿ ಯಾರೋ ತೀರಿಕೊಂಡಿರುವವಳನ್ನು ಮಾತಾಡಿಸುವಂತೆ ಮೆಲ್ಲಗೆ ಮಾತಾಡಿಸಿದರು. ಬೇಕರಿಯವಳು ಕೇಳದೆಯೇ ಚೀಲಕ್ಕೆ ಇನ್ನೊಂದು ಬನ್ನು ಹಾಕಿದಳು. ಮೇವಿಸ್ ಆ ಬನ್ನನ್ನು ದಾರಿಯಲ್ಲಿ ಸಿಕ್ಕ ನಾಯಿಗೆ ಹಾಕಿ ಮನೆಗೆ ಬಂದು ಅತ್ತಳು. ಬೈದಿದ್ದರೆ ತಿರುಗಿ ಬೈಯುವ ಹೆಂಗಸು ಅವಳು. ಕನಿಕರಕ್ಕೆ ತಿರುಗೇಟು ಕೊಡುವುದು ಅವಳಿಗೆ ಗೊತ್ತಿರಲಿಲ್ಲ.

ಗುರುವಾರ ಮತದಾನ ಮುಗಿಯಿತು. ಶುಕ್ರವಾರ ಬೆಳಿಗ್ಗೆ ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ ಎಣಿಕೆ. ಪಕ್ಕದ ಈಜುಕೊಳದ ಔಷಧಿಯ ವಾಸನೆ ಒಳಗೆಲ್ಲ ತುಂಬಿತ್ತು. ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಉದ್ದ ಮೇಜುಗಳನ್ನು ಜೋಡಿಸಿ, ಊರಿನವರೇ ಆದ ಎಣಿಕೆದಾರರು ಕೂತಿದ್ದರು. ವಾರ್ಡಿಗೆ ಇಬ್ಬರು ಸದಸ್ಯರು, ಆದ್ದರಿಂದ ಒಬ್ಬೊಬ್ಬ ಮತದಾರನಿಗೆ ಎರಡೆರಡು ಓಟು. ನೀಲಿ ಪಕ್ಷದವರು ಇಬ್ಬರನ್ನು ನಿಲ್ಲಿಸಿದ್ದರು, ಪಿಯರ್ಸ್ ಮತ್ತು ದನದ ಡಾಕ್ಟರು ಫಿಯೋನಾ. ಕೆಂಪು ಪಕ್ಷದವರು ಇಬ್ಬರು. ಮೇವಿಸ್ ಒಬ್ಬಳು. ಇವರಲ್ಲದೆ ನೈಜೆಲ್ ಎಂಬ ಒಬ್ಬ ಸ್ವತಂತ್ರ ಅಭ್ಯರ್ಥಿ. ಹಿಂದಿನ ಚಳಿಗಾಲ ಮಂಜಿನ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದ ಅವನು ಊರುಗೋಲಲ್ಲೇ ಪ್ರಚಾರ ಮಾಡಿದ್ದ.

ಮೇವಿಸ್ ಎಂದಿನಂತೆ ಹಿಂದಿನ ಗೋಡೆಯ ಬಳಿಯ ಕುರ್ಚಿಯಲ್ಲಿ ಕೂತು ಮೊಟ್ಟೆ ಸ್ಯಾಂಡ್‌ವಿಚ್ ಬಿಚ್ಚಿದಳು. ಮೇಜಿನ ಮೇಲೆ ಹಾದುಹೋಗುವ ಮತಚೀಟಿಗಳನ್ನು ನೋಡಿ ತನ್ನ ಕಾಗದದಲ್ಲಿ ಗೀಟು ಹಾಕುವುದು ಹೊರೇಸನ ಕೆಲಸ. ಅರ್ಧ ಗಂಟೆ ಕಳೆದ ಮೇಲೆ ಅವನು ಬಂದು ಪಕ್ಕದಲ್ಲಿ ಕೂತ.

“ನಲವತ್ತು ದಾಟಿತಾ?” ಎಂದು ಕೇಳಿದಳು.

“ಪೆನ್ನು ಮುಗೀತು.”

“ಹಾಗಂದ್ರೆ?”

“ಗೀಟು ಹಾಕಿ ಹಾಕಿ ಪೆನ್ನು ಮುಗೀತು ಕಣೇ. ಕೆಂಪಿನವರ ಹತ್ರ ಒಂದು ಕೇಳಿ ತರ್ತೀನಿ.”

ತಮಾಷೆ ಇರಬೇಕೆಂದು ಅವಳು ಸ್ಯಾಂಡ್‌ವಿಚ್ ತಿನ್ನುತ್ತಲೇ ಇದ್ದಳು. ಹನ್ನೊಂದೂವರೆಗೆ ಚುನಾವಣಾಧಿಕಾರಿ ಅಭ್ಯರ್ಥಿಗಳನ್ನೂ ಏಜೆಂಟರನ್ನೂ ಒಂದು ಮೂಲೆಗೆ ಕರೆದು, ಯಾರೂ ಮುಖದಲ್ಲಿ ಏನನ್ನೂ ತೋರಿಸಕೂಡದೆಂದು ಹೇಳಿ, ಒಂದು ಹಾಳೆ ತೋರಿಸಿದರು. ಫಿಯೋನಾ ಎಂಟುನೂರ ಹನ್ನೆರಡು. ಪಿಯರ್ಸ್ ಆರುನೂರ ಐವತ್ತೈದು. ಕೆಂಪಿನವರು ಐನೂರ ತೊಂಬತ್ತು, ಐನೂರ ಹತ್ತು. ನೈಜೆಲ್ ಹತ್ತೊಂಬತ್ತು. ಥರ್ಕೆಟಲ್, ದೋಣಿ ಪಕ್ಷ, ಸಾವಿರದ ನಲವತ್ತಮೂರು.

ಮೇವಿಸ್ ಆ ಸಾಲನ್ನು ಮೂರು ಸಲ ಓದಿದಳು. ಹೋದ ಸಲದ ನಲವತ್ತಮೂರರ ಹಿಂದೆ ಯಾರೋ ಕೈತಪ್ಪಿ ಒಂದು ಸಾವಿರ ಸೇರಿಸಿದ್ದಾರೆ ಎಂದೇ ಅವಳಿಗೆ ಅನ್ನಿಸಿತು. ಪಿಯರ್ಸ್ ಮುಖ ಹುಳ್ಳಗಾಯಿತು. ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ ಎಂಬುದನ್ನು ಅಷ್ಟು ಹತ್ತಿರದಿಂದ ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಘೋಷಣೆಯ ಕಾಗದ ಬೆರಳಚ್ಚಾಗಲು ಹತ್ತು ನಿಮಿಷ ಹಿಡಿಯಿತು. ಹೊರೇಸ್ ಮುಖದಲ್ಲಿ ಏನೂ ತೋರಿಸಲಿಲ್ಲ, ಆದರೆ ಎರಡು ಕಣ್ಣಿಂದಲೂ ನೀರು ಧಾರಾಕಾರ ಸುರಿಯುತ್ತಿತ್ತು. ಅದನ್ನು ನೋಡಿ ಇಡೀ ಸಭಾಂಗಣಕ್ಕೆ ವಿಷಯ ತಿಳಿಯಿತು. ಮೇವಿಸ್ ಚಹಾದ ಮೇಜಿನ ಬಳಿ ನಿಂತಿದ್ದಾಗ ಜನ ಒಬ್ಬೊಬ್ಬರೇ ಬಂದರು.

ಮೊದಲು ಬಂದವನು ಕೆಂಪಿನವರ ಏಜೆಂಟ್ ಮಾರಿಸ್. “ಯಾರಿಗೂ ಹೇಳಬೇಡಿ ಮೇವಿಸ್. ನನ್ನ ಎರಡನೇ ಓಟು ನಿಮಗೇ ಹಾಕ್ದೆ. ಆ ನೀಲಿ ಚೀಟಿ ನೋಡಿ ಅಯ್ಯೋ ಪಾಪ ಅನ್ನಿಸ್ತು. ಒಂದಾದ್ರೂ ಬೀಳ್ಲಿ ಅಂತ.”

“ಥ್ಯಾಂಕ್ಸ್ ಮಾರಿಸ್.”

ಹಿಂದೆಯೇ ಕ್ರೀಡಾಂಗಣದ ಮೇಲ್ವಿಚಾರಕಿ ಟೆಸ್. “ನಮ್ಮನೇಲಿ ನಾಲ್ಕು ಜನಾನೂ ನಿಮಗೊಂದೊಂದು ಹಾಕಿದ್ವಿ ಆಂಟಿ. ನಲವತ್ತಕ್ಕಿಂತ ಕೆಳಗೆ ಇಳಿದ್ರೆ ಚೆನ್ನಾಗಿರಲ್ಲ ಅಂತ. ಬೇರೆ ಯಾರೂ ಹಾಕಲ್ಲ ಅಂದ್ಕೊಂಡಿದ್ವಿ.”

ಆಮೇಲೆ ಪತ್ರಿಕೆಯ ಫೋಟೋದವನು. ಆಮೇಲೆ ನೀಲಿಯವರ ಪೈಕಿಯೇ ಇಬ್ಬರು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು. ಕೊನೆಗೆ ಪಿಯರ್ಸ್ ಹೆಂಡತಿ ರೋಸಲಿಂಡ್ ಸಕ್ಕರೆ ತೆಗೆದುಕೊಳ್ಳುವ ನೆಪದಲ್ಲಿ ಬಂದು, “ನಂದೂ ಒಂದು. ಆ ಚೀಟಿ ಬೇಡ ಅಂತ ಅವರಿಗೆ ಹೇಳಿದ್ದೆ” ಎಂದು ಪಿಸುಗುಟ್ಟಿ ಹೋದಳು.

ಎಲ್ಲರದೂ ಒಂದೇ ಮಾತು. ಪಾಪ ಅನ್ನಿಸಿತು, ನಾನೊಬ್ಬನೇ ಅಂದುಕೊಂಡೆ. ಎದುರಾಳಿ ಊರಿಗೆಲ್ಲ ಸಾರಿದ ಹತ್ತು ಸೋಲು ಹನ್ನೊಂದನೆಯದನ್ನು ಗೆಲ್ಲಿಸಿತ್ತು. ಲೋಕದಲ್ಲಿ ಜನ ಗೆದ್ದೆತ್ತಿನ ಬಾಲ ಹಿಡಿಯುತ್ತಾರೆ. ಆಲ್ಡರ್‌ನೆಸ್‌ನವರು ಒಬ್ಬರಿಗೊಬ್ಬರು ಗೊತ್ತಾಗದಂತೆ ಸೋತೆತ್ತಿನ ಬಾಲ ಹಿಡಿದಿದ್ದರು.

ಮೇವಿಸ್ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು.

“ಹೊರೇಸ್, ಇದು ಗೆಲುವಲ್ಲ, ಭಿಕ್ಷೆ. ದೋಣಿಗೆ ಯಾರೂ ಹಾಕಿಲ್ಲ, ಮುದುಕಿಗೆ ಹಾಕಿದ್ದಾರೆ. ಜೂನ್‌ನಲ್ಲಿ ನಾನೆದ್ದು ನಿಂತು ಊರು ದೋಣಿ ಕೇಳ್ತಿದೆ ಅಂದ್ರೆ, ಊರು ನಿಮ್ಮನ್ನ ನೋಡಿ ಅಯ್ಯೋ ಅಂತಿದೆ ಅಷ್ಟೇ ಅಂತ ಬಾಯಿ ಮುಚ್ಚಿಸ್ತಾರೆ.”

ಹೊರೇಸ್ ಮೂಗು ಒರೆಸಿಕೊಂಡ. “ಪಾಪ ಅನ್ನೋದಾಗಿದ್ರೆ ಅವನಿಗೆ ಯಾಕೆ ಹಾಕಲಿಲ್ಲ?” ಎಂದು ಗಲ್ಲದಿಂದ ತೋರಿಸಿದ. ನೈಜೆಲ್ ಊರುಗೋಲನ್ನು ಗೋಡೆಗೆ ಒರಗಿಸಿ, ಒಂಟಿಯಾಗಿ ಬಿಸ್ಕತ್ತು ತಿನ್ನುತ್ತಿದ್ದ.

ಮೇವಿಸ್ ಅವನನ್ನು ದಿಟ್ಟಿಸಿದಳು. ಸೊಂಟ ಮುರಿದವನು. ಹತ್ತೊಂಬತ್ತು ಓಟು. ಈ ಊರಿನ ಕನಿಕರ ಅಷ್ಟು ಅಗ್ಗದ್ದೇನಲ್ಲ ಎಂದು ಅವಳಿಗೆ ಆಗ ಹೊಳೆಯಿತು.

ಅಧಿಕಾರಿ ಅಂಕಿಗಳನ್ನು ಓದಿ, ಮೇವಿಸ್ ಥರ್ಕೆಟಲ್ ಮತ್ತು ಫಿಯೋನಾ ಗೆದ್ದಿದ್ದಾರೆಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಮೇವಿಸ್ ವೇದಿಕೆ ಹತ್ತಿದಳು. ಇಷ್ಟು ವರ್ಷದಲ್ಲಿ ಆ ಮೂರು ಮೆಟ್ಟಿಲನ್ನು ಸೋತವರ ಸಾಲಿನಲ್ಲಿ ನಿಲ್ಲಲು ಹತ್ತಿದ್ದಳೇ ಹೊರತು ಮೈಕಿನ ಮುಂದೆ ನಿಂತಿರಲಿಲ್ಲ.

“ಗೆದ್ದವರು ಏನು ಮಾತಾಡ್ತಾರೆ ಅಂತ ನನಗೆ ಗೊತ್ತಿಲ್ಲ,” ಅಂದಳು. “ಎಣಿಸಿದವರಿಗೆಲ್ಲ ಥ್ಯಾಂಕ್ಸ್ ಹೇಳ್ತಾರೆ ಅಂತ ನೆನಪು. ಥ್ಯಾಂಕ್ಸ್. ಈಗ ಇನ್ನೊಂದು ಮಾತು. ಚಹಾದ ಹತ್ರ ಸುಮಾರು ಜನ ಬಂದು ನನ್ನ ಕಿವೀಲಿ ಒಂದು ಗುಟ್ಟು ಹೇಳಿದ್ರಿ. ಪಾಪ ಅಂತ ಹಾಕಿದ್ರಂತೆ.”

ಅಲ್ಲಿದ್ದ ಹಲವರು ಒಮ್ಮೆಗೇ ತಮ್ಮ ಬೂಟುಗಳನ್ನು ನೋಡಿಕೊಂಡರು.

“ಪಾಪ ಅನ್ನೋ ಹಾಗಿದ್ರೆ ನೈಜೆಲ್ ಇದ್ದ. ಸೊಂಟ ಮುರ್ಕೊಂಡು, ಈ ಮಳೇಲಿ ಮನೆಮನೆ ಸುತ್ತಿದ. ಅವನನ್ನ ನೋಡಿದ್ರೆ ಕಲ್ಲೂ ಕರಗುತ್ತೆ. ನೀವು ಕರಗಲಿಲ್ಲ. ಹತ್ತೊಂಬತ್ತು.”

“ಅದರಲ್ಲಿ ಒಂದು ನಂದೇ,” ಎಂದ ನೈಜೆಲ್. ನಗು ಎದ್ದಿತು.

“ನಿನ್ನ ಮೇಲೆ ಬಾರದ ಕರುಣೆ ನನ್ನ ಮೇಲೆ ಬಂತು ಅಂದ್ರೆ ಏನರ್ಥ ನೈಜೆಲ್? ಹೇಳ್ತೀನಿ ಕೇಳು. ಇವರಿಗೆಲ್ಲ ಆಚೆ ದಡದಲ್ಲಿ ಅಕ್ಕಾನೋ ಮೊಮ್ಮಗಳೋ ಹಲ್ಲಿನ ಡಾಕ್ಟರೋ ಯಾರೋ ಒಬ್ಬರು ಇದ್ದಾರೆ. ದೋಣಿ ಬೇಕು ಅಂತ ಬಾಯಿಬಿಟ್ಟು ಹೇಳಿದ್ರೆ ಥರ್ಕೆಟಲ್ ಥರ ಇವರಿಗೂ ಹುಚ್ಚು ಅಂತಾರೆ ಅನ್ನೋ ಭಯ. ಅದಕ್ಕೆ ಪಾಪ ಅಂತ ಹೆಸರಿಟ್ರು.” ಅವಳು ಮೈಕನ್ನು ಗಟ್ಟಿಯಾಗಿ ಹಿಡಿದಳು. “ಸುತ್ತಿ ಬಳಸಿ ಯಾಕೆ. ದೋಣಿ ಬೇಕು ಅನ್ನೋರು ಕೈ ಎತ್ತಿ.”

ಯಾರೂ ಎತ್ತಲಿಲ್ಲ. ನಾಲ್ಕು ಜನರ ಎದುರು ಇಂಥದ್ದು ಬೇಕು ಎಂದು ಹೇಳುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ಆ ಜನಕ್ಕೆ ಸುಲಭ. ಪಕ್ಕದ ಕೊಳದಲ್ಲಿ ಮಕ್ಕಳು ನೀರಿಗೆ ಧುಮುಕುವ ಸದ್ದು ಕೇಳಿಸುತ್ತಿತ್ತು. ಮುಂದೆ ನಿಂತ ಪಿಯರ್ಸ್ ಮೆಲ್ಲಗೆ ನಕ್ಕ.

ಅವನು ನಕ್ಕದ್ದೇ ಆಯಿತು, ಅವನ ಪಕ್ಕದಲ್ಲೇ ಒಂದು ಕೈ ಮೇಲೆದ್ದಿತು. ರೋಸಲಿಂಡ್‌ಳದು. ಅವಳು ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಹಿಂದೆಯೇ ಟೆಸ್ ಎತ್ತಿದಳು. ಮಾರಿಸ್ ಎತ್ತಿದ. ಎಣಿಕೆಯ ಮೇಜುಗಳಲ್ಲಿ ಚೀಟಿ ಎಣಿಸಲು ರಬ್ಬರ್ ಟೋಪಿ ಹಾಕಿದ ಬೆರಳುಗಳು ಒಂದೊಂದಾಗಿ ಮೇಲೆದ್ದವು. ಫೋಟೋದವನು ಕ್ಯಾಮೆರಾ ಕೆಳಗಿಟ್ಟು ಎತ್ತಿದ. ಪಕ್ಕದಲ್ಲೇ ನಿಂತಿದ್ದ ಫಿಯೋನಾ, “ಬ್ರೇಫ್ಲೀಟ್‌ನಲ್ಲಿ ನಾನು ನೋಡ್ಕೊಳ್ಳೋ ಅರುವತ್ತು ದನ ಇವೆ” ಎನ್ನುತ್ತ ಎತ್ತಿದಳು. ನೈಜೆಲ್ ಊರುಗೋಲನ್ನೇ ಎತ್ತಿದ. ಜನ ಪಕ್ಕದವರ ಕೈ ನೋಡಿ, ನೀನೂನಾ ಎಂಬಂತೆ ಮುಖ ನೋಡಿ, ತಮ್ಮ ಕೈಯನ್ನು ಇನ್ನಷ್ಟು ಮೇಲೆ ಚಾಚಿದರು. ನಲವತ್ತು ವರ್ಷ ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದವರು ಅವರೆಲ್ಲ.

“ಪಿಯರ್ಸ್,” ಅಂದಳು ಮೇವಿಸ್, “ಕಟ್ಟೆ ಮಾರೋ ಸಭೆ ಜೂನ್ ಎಷ್ಟನೇ ತಾರೀಖು?”

“ಹದಿನಾಲ್ಕು,” ಎಂದ ಪಿಯರ್ಸ್. ಸೋತರೂ ಮರ್ಯಾದೆಯ ಮನುಷ್ಯ.

“ನೀನು ಬರೋ ಹಾಗಿಲ್ಲ. ನಾನು ಹೋಗ್ತೀನಿ.”

ನಗು, ಚಪ್ಪಾಳೆ. ಚಪ್ಪಾಳೆಗಾಗಿ ಕೆಲವರು ಕೈ ಇಳಿಸಿದರು. ಅಧಿಕಾರಿ ಗಡಿಯಾರ ನೋಡಿ, ಮೇಡಂ, ಮುಂದಿನ ವಾರ್ಡಿನ ಪೆಟ್ಟಿಗೆಗಳು ಬಂದಿವೆ, ದಯವಿಟ್ಟು ಮುಗಿಸಬೇಕು ಎಂದರು. ಮೇವಿಸ್ ಮೈಕು ಬಿಡಲಿಲ್ಲ.

“ಇನ್ನೊಂದು ಗಳಿಗೆ ಕೈ ಮೇಲೇ ಇರ್ಲಿ,” ಅಂದಳು. “ನಾನಿನ್ನೂ ನೋಡಿ ಮುಗಿಸಿಲ್ಲ.”