ಗದ್ದಲದ ಹೋಂವರ್ಕ್

ನನ್ನ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡ್ತೀನಿ. ಸಾಲ್ಯಾಗ ಹುಡುಗರು ನನಗ ಮೆಣಸಿನಕಾಯಿ ಮಾಸ್ತರ ಅಂತಿದ್ರು, ಅದು ನನಗೂ ಗೊತ್ತಿತ್ತು. ಸೀಮೆಸುಣ್ಣ ಮುರದ್ರ ಸಿಟ್ಟು, ಬಸ್ ತಡ ಆದ್ರ ಸಿಟ್ಟು. ಅವೆಲ್ಲ ಒಂದು ಕಪ್ ಚಹಾ ಕುಡಿಯೂದ್ರಾಗ ಇಳೀತಿದ್ವು. ತೊಂಬತ್ತೆಂಟರಾಗ ಹತ್ತಿದ ಸಿಟ್ಟು ಮಾತ್ರ ಇನ್ನೂ ಇಳದಿಲ್ಲ.

ನಾ ನೀಲಕಂಠ. ಆಗ ಮನಿ ಕುಸನೂರದಾಗ, ನೌಕರಿ ಕಮಲಾಪುರದ ಹೈಸ್ಕೂಲಿನಾಗ, ಕಲಿಸೂದು ಸಮಾಜ. ಮುಂಜಾನೆ ಕಲಬುರಗಿ ಸ್ಟ್ಯಾಂಡಿಗೆ ಬಂದು ಬಸ್ ಹಿಡಿಯೂದು, ಸಂಜಿಕ ಕೆಂಪು ಬಾಳಿಗೊನಿ ನಡುವ ನಿಂತು ವಾಪಸ್ ಬರೂದು. ಒಂಬತ್ತನೇ ಕ್ಲಾಸಿನ ಪುಸ್ತಕದಾಗ ನಮ್ಮ ಸೀಮಿದು ಅಂತ ಇದ್ದದ್ದು ಮೂರು ಸಾಲು. ನಿಜಾಮನ ಆಳಿಕಿ ಇತ್ತು, ರಜಾಕಾರರ ಹಾವಳಿ ಆತು, ನಲವತ್ತೆಂಟರಾಗ ಪೊಲೀಸ್ ಕಾರ್ಯಾಚರಣೆ ಆಗಿ ಈ ಭಾಗ ಭಾರತಕ್ಕ ಸೇರಿತು. ಮುಗೀತು.

ಅಲ್ರಿ, ಆ ನಲವತ್ತೆಂಟರ ಹಾವಳಿಗೆ ನಮ್ಮ ಕಡಿ ಗದ್ದಲ ಅಂತಾರ. ಯಾವ ಮುದುಕನ ವಯಸ್ಸು ಕೇಳಿದ್ರೂ 'ಗದ್ದಲದಾಗ ನಾ ಅಂಬೆಗಾಲು ಇಡ್ತಿದ್ದೆ' ಅಂತಾನ. ಮುದುಕಿ ಕೇಳಿದ್ರ 'ಗದ್ದಲ ಆದ ಮರುವರ್ಷ ನನ್ನ ಲಗ್ನ' ಅಂತಾಳ. ಹುಟ್ಟಿದ್ದು, ಸತ್ತದ್ದು, ಹೊಲ ಹಿಡದದ್ದು, ಎಲ್ಲಾ ಗದ್ದಲದ ಲೆಕ್ಕ. ಸಂತ್ಯಾಗ ಮಾತಾಡ್ತಾರ, ಬಸ್ಸಿನ್ಯಾಗ ಮಾತಾಡ್ತಾರ, ಕಟಿಂಗ್ ಅಂಗಡ್ಯಾಗಂತೂ ದಿನಾ ಅದೇ ಮಾತು. ಆ ವರ್ಷ ಗದ್ದಲಕ್ಕ ಬರೋಬ್ಬರಿ ಐವತ್ತು ತುಂಬಿತ್ತು. ಹುಡುಗರಿಗೆ ಹೋಂವರ್ಕ್ ಕೊಟ್ಟೆ. ಮನ್ಯಾಗ ಹಿರೇರನ್ನ ಕೇಳ್ರಿ, ಗದ್ದಲದಾಗ ಏನು ನೋಡಿದ್ರು ಅಂತ ಒಂದು ಪುಟ ಬರಕೊಂಡು ಬರ್ರಿ, ಯಾರನ್ನೂ ಬೈಯಬ್ಯಾಡ್ರಿ, ನೋಡಿದ್ದಷ್ಟೇ ಬರೀರಿ ಅಂದೆ.

ನಲವತ್ತೊಂದು ನೋಟಬುಕ್ ಬಂದ್ವು. ಸ್ಟಾಫ್ ರೂಮಿನ್ಯಾಗ ಕೂತು ಒಂದೊಂದೇ ಓದಿದೆ, ಓದಿದ್ದಕ್ಕ ಸಹಿ ಮಾಡಿದೆ. ಒಬ್ಬನ ಮುತ್ಯಾ ರಜಾಕಾರರಿಗೆ ಅಂಜಿ ಹದಿನೈದು ದಿನ ಜ್ವಾಳದ ಹೊಲದಾಗ ಮಲಗಿದ್ದ. ಇನ್ನೊಬ್ಬಾಕಿ ಆಯಿ, ಸುಟ್ಟ ಕಣಜದಾಗಿನ ಕರೀ ಜ್ವಾಳ ಆರಿಸಿ ರೊಟ್ಟಿ ಬಡದಿದ್ಲು. ಒಂದರ ಹಿಂದ ಒಂದು ಬಂದ ಎರಡು ಪುಟ ಮಾತ್ರ ಎರಡೆರಡು ಸಲ ಓದಿದೆ.

ಮೊದಲನೇದು ಖಾಜಾಬಿದು. ಜಾಣ ಹುಡುಗಿ, ಮಾತು ಕಡಿಮಿ. ಆಕಿ ಆಯಿ, ಅಂದ್ರ ಅಪ್ಪನ ತಾಯಿ, ಮೆಹಬೂಬಿ. ಆಯಿ ಗಂಡ ಲಾಲ್ ಅಹ್ಮದ್ ಎತ್ತಿಗೆ, ಕುದುರಿಗೆ ನಾಲ ಬಡಿಯಾಂವ. ಪೊಲೀಸ್ ಕಾರ್ಯಾಚರಣೆ ಆದ ವಾರದಾಗ ಮುಸಲ್ಮಾನರ ಮ್ಯಾಲ ಸೇಡಿಗೆ ಗುಂಪು ಬರಾಕತ್ತಾವ ಅಂತ ಸುದ್ದಿ ಹಬ್ಬಿದಾಗ, ಕಲಬುರಗಿಯ ರೋಜಾ ಓಣಿಗೆ ಹೋಗಿ ದರ್ಗಾದಾಗ ಆಸರ ನೋಡಿ ಬರ್ತೀನಿ ಅಂತ ಹೊಂಟಂವ ತಿರುಗಿ ಬರಲಿಲ್ಲ. ಬಸುರಿ ಹೆಂಡತಿ ಕಾದಳು. ಐವತ್ತು ವರ್ಷ ಆತು, ಇನ್ನೂ ಕೈತುಂಬ ಹಸರ ಬಳಿ ಇಟಗೊಂಡಾಳ, ಸತ್ತವರಿಗೆ ಓದಿಸೋ ಫಾತಿಹಾ ಓದಿಸಿಲ್ಲ. ವರ್ಷಾ ಉರುಸಿಗೆ ರೋಜಾಕ್ಕ ಹೋಗಿ ಬಂದವರ ಮಾರಿ ಒಂದೊಂದೇ ನೋಡ್ತಾ ನಿಂದರ್ತಾಳ.

ಎರಡನೇದು ಚಂದ್ರಶಾ ಅನ್ನೋ ಹುಡುಗಂದು. ಅವನ ಮುತ್ಯಾ ಭಾಗಪ್ಪ, ಊರಾಗ ಎಲ್ಲರಿಗೂ ಗೊತ್ತಿದ್ದ ರೈತ. ಹುಡುಗ ಬರದಿದ್ದ: ಗದ್ದಲದಾಗ ಹಳ್ಳದ ದಂಡಿಗೆ ನಮ್ಮ ಎತ್ತಿಗೆ ನಾಲ ಬಡಿಯೋ ಲಾಲ್ ಅಹ್ಮದ್ ಸತ್ತು ಬಿದ್ದಿದ್ದ. ಯಾರು ಹೊಡದ್ರೋ ಗೊತ್ತಿಲ್ಲ. ನಮ್ಮ ಮುತ್ಯಾ ಮತ್ತು ಅವರಪ್ಪ ಬೇವಿನ ಗಿಡದ ಬುಡಕ ಮಣ್ಣು ಮಾಡಿದ್ರು. ಮುತ್ಯಾ ಯಾರ ಮುಂದೂ ಹೇಳಿಲ್ಲ.

ಅದೇ ಸಂಜಿಕ ಬಸ್ ಬಿಟ್ಟು ಭಾಗಪ್ಪನ ಮನಿಗೆ ಹೋದೆ. ಮುದುಕ ಮೊದಲ ಮಾತು ತೇಲಿಸಿದ. ಆಮ್ಯಾಲ ಟಾವೆಲ್ಲಿನಿಂದ ಮಾರಿ ಒರಸಿಕೊಂಡು ಎಲ್ಲಾ ಹೇಳಿದ. ಅವಾಗ ಹೇಳಿದ್ರ, ನೀನೇ ಹೊಡದಿ ಅಂತಿದ್ರು. ಅಂಜಿಕಿಗೆ ಸುಮ್ಮಾದೆ. ಒಂದು ವರ್ಷ ಸುಮ್ಮಿದ್ದಂವಗ ಎರಡನೇ ವರ್ಷ ಹೇಳೂದು ಇನ್ನೂ ಕಠಿಣ ಆತು, ಹಿಂಗ ಐವತ್ತಾತು. ಮೊಮ್ಮಗ ಮಾರ್ಕಿನ ಆಶಾಕ್ಕ ಕೇಳಿದಾಗ ಬಾಯಿ ಬಿಟ್ಟೆ ಅಂದ. ಮೆಹಬೂಬಿಗೆ ಹೇಳೂಣು ಮುತ್ಯಾ ಅಂದೆ. ಸಂತಿ ಮರುದಿನ ಆಕಿನ್ನ ಸಾಲಿಗೆ ಕರಸ್ರಿ, ನಿಮ್ಮ ಎದುರ ಹೇಳ್ತೀನಿ, ಒಬ್ಬನ ಹೇಳೂದಾಗೂದಿಲ್ಲ ಅಂದ.

ನಡುವ ನಾಕೇ ದಿನ ಇದ್ವು. ಅದ್ರಾಗ ಸರ್ಕ್ಯುಲರ್ ಬಂತು.

ನನ್ನ ಮ್ಯಾಲ ಶಿಕ್ಷಣ ಇಲಾಖಿ ಕಚೇರಿಗೆ ಎರಡು ಅರ್ಜಿ ಹೋಗಿದ್ವಂತ. ಒಂದ್ರಾಗ ನಾ ಹಿಂದೂಗಳ ಹೆಸರು ಕೆಡಸಾಕತ್ತೀನಿ ಅಂತ, ಇನ್ನೊಂದ್ರಾಗ ಮುಸಲ್ಮಾನರ ಹೆಸರು ಕೆಡಸಾಕತ್ತೀನಿ ಅಂತ. ಎರಡೂ ಒಂದೇ ಅಂಗಡ್ಯಾಗ ಟೈಪ್ ಮಾಡಿಸಿದ್ವು. ಎತ್ತು ಈದಾದ ಅಂದ್ರ ಕೊಟಗ್ಯಾಗ ಕಟ್ಟು ಅನ್ನೋ ಮಂದಿ ಕಚೇರ್ಯಾಗ ಕಡಿಮಿ ಇಲ್ಲ. ಹೆಡ್ ಮಾಸ್ತರ ಗುರುಲಿಂಗಪ್ಪ ನನ್ನ ಕರದು ಓದಿ ತೋರಿಸಿದ್ರು: 'ಶಿಕ್ಷಕರು ಪಠ್ಯದಲ್ಲಿಲ್ಲದ ವಿವಾದಾಸ್ಪದ ವಿಷಯಗಳನ್ನು ವಿದ್ಯಾರ್ಥಿಗಳೊಂದಿಗಾಗಲಿ ಪೋಷಕರೊಂದಿಗಾಗಲಿ ಚರ್ಚಿಸತಕ್ಕದ್ದಲ್ಲ.' ಸಹಿ ಮಾಡಿ ಹುಡುಗರಿಗೆ ತಿರುಗಿ ಕೊಟ್ಟಿದ್ದ ನಲವತ್ತೊಂದು ನೋಟಬುಕ್ ವಾಪಸ್ ತಗೊಂಡು, ಹಗ್ಗ ಹಾಕಿ ಕಟ್ಟಿ ಕಲಬುರಗಿಗೆ ಕಳಿಸಿದ್ರು. ಕಳ್ಳತನದ ಮಾಲು ಸಾಗಿಸಿದಂಗ ಸಾಗಿಸಿದ್ರು.

ನಾನೂ ಬೆನ್ನ ಹತ್ತಿ ಕಲಬುರಗಿ ಕಚೇರಿಗೆ ಹೋದೆ. ಎರಡು ತಾಸು ಬೆಂಚಿನ ಮ್ಯಾಲ ಕುಂದರಿಸಿ ಆಮ್ಯಾಲ ಒಳಗ ಬಿಟ್ರು. ಸಾಹೇಬರು ಸಿಟ್ಟಿನವರಲ್ಲ, ಅದೇ ನನಗ ಹೆಚ್ಚು ಸಿಟ್ಟು ತರಿಸಿತು. ಚಹಾ ತರಿಸಿದ್ರು. ನಿಮ್ಮ ಉದ್ದೇಶ ಒಳ್ಳೇದದ ಮಾಸ್ತರ, ಖರೇ, ಆದ್ರ ಕಾಲ ಸೂಕ್ಷ್ಮ ಅದ ಅಂದ್ರು. ಯಾವುದು ವಿವಾದ, ಯಾವುದು ಅಲ್ಲ ಅಂತ ಯಾರು ಹೇಳಬೇಕ್ರಿ ಸಾಹೇಬರ ಅಂತ ಕೇಳಿದೆ.

"ಯಾವುದಕ್ಕ ಅರ್ಜಿ ಬರ್ತದೋ ಅದು ವಿವಾದ," ಅಂದ್ರು.

ಒಬ್ಬ ಮುದುಕಿ ಗಂಡ ಎಲ್ಲಿ ಮಣ್ಣಾಗ್ಯಾನ ಅನ್ನೂದು ವಿವಾದ ಏನ್ರಿ ಅಂದೆ. ದನಿ ಏರಿತ್ತು. ಸಾಹೇಬರು ಕಪ್ಪು ಕೆಳಗಿಟ್ಟು, ಅದು ಪೊಲೀಸರ ಕೆಲಸ, ಬೇಕಾದ್ರ ಆ ಮುದುಕನ್ನ ವಿಚಾರಣಾಕ್ಕ ಕರಸೂಣು ಅಂದ್ರು. ಇನ್ಮ್ಯಾಲ ಈ ವಿಷಯ ಯಾರ ಮುಂದೂ ಎತ್ತೂದಿಲ್ಲ ಅಂತ ಒಂದು ಮುಚ್ಚಳಿಕಿ ಮುಂದಿಟ್ರು. ಸಹಿ ಮಾಡಿದ್ರ ಇಲ್ಲಿಗೇ ಮುಗೀತದ, ಇಲ್ಲಾಂದ್ರ ಅಮಾನತ್ತು. ಮನ್ಯಾಗ ಹೆಂಡತಿ ಜಯದೇವಿ, ಎರಡು ಸಣ್ಣ ಮಕ್ಕಳು, ಕಟ್ಟಾಕ ಹಿಡದ ಅರ್ಧ ಗ್ವಾಡಿ. ಸಹಿ ಮಾಡಿದೆ. ಮೆಣಸಿನಕಾಯಿ ಮಾಸ್ತರ ಅಂತ, ಥೂ.

ವಿಚಾರಣಾ ಅನ್ನೋ ಸುದ್ದಿ ನಾ ತಿರುಗಿ ಬರೂದ್ರೊಳಗ ಊರು ಮುಟ್ಟಿತ್ತು. ಭಾಗಪ್ಪ ರಾತ್ರೋರಾತ್ರಿ ಮಗಳ ಊರಿಗೆ ಹೋಗಿಬಿಟ್ಟಿದ್ದ. ಹೋಗೋ ಮುಂದ ಚಂದ್ರಶಾಗ, ನಾ ಏನೂ ಹೇಳಿಲ್ಲ, ನೀನೇ ಕಥಿ ಕಟ್ಟಿ ಬರದಿ ಅಂತ ಹೇಳಬೇಕು ಅಂತ ಕಲಿಸಿ ಹೋಗಿದ್ದ. ಹುಡುಗ ನನ್ನ ಕಂಡ್ರ ತಲಿ ತಗ್ಗಸಾಕತ್ತಿತು.

ಆಗ ನಾ ಹಿಂಗ ಲೆಕ್ಕ ಹಾಕಿದೆ. ಸ್ವಲ್ಪ ದಿನ ಹೋಗಲಿ, ಬಿಸಿ ಆರಲಿ, ನಾನೇ ಆಯಿ ಮನಿಗೆ ಹೋಗಿ ಮೆಲ್ಲಕ ಹೇಳ್ತೀನಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಅಂಜುಬುರುಕರೆಲ್ಲ ಇದೇ ಲೆಕ್ಕ ಹಾಕ್ತಾರ.

ಹುಡುಗರು ನಮ್ಮ ಸರ್ಕ್ಯುಲರ್ ಕೇಳ್ತಾವೇನ್ರಿ? ನೋಟಬುಕ್ ನನ್ನ ಟೇಬಲ್ಲಿಗೆ ಬರೂಕಿಂತ ಮೊದಲೇ ಒಬ್ಬರದೊಬ್ಬರು ಓದಿದ್ವು. ಖಾಜಾಬಿ ಚಂದ್ರಶಾನ ಪುಟ ಓದಿ, ಹತ್ತು ದಿನ ಹೊಟ್ಟ್ಯಾಗ ಇಟಗೊಂಡು, ಕಡೀಕ ಆಯಿಗೆ ಹೇಳಿಬಿಟ್ಟಿದ್ಲು.

ಮರುದಿನ ಎರಡನೇ ಪಿರಿಯಡ್ಡಿಗೆ ಹೆಡ್ ಮಾಸ್ತರ ಹೇಳಿ ಕಳಿಸಿದ್ರು. ಹೋದ್ರ ಅವರ ಖೋಲ್ಯಾಗ ಮೆಹಬೂಬಿ ನಿಂತಿದ್ಲು, ಬಾಜೂಕ ಖಾಜಾಬಿ. ಕುರ್ಚಿ ಕೊಟ್ರೂ ಕೂತಿರಲಿಲ್ಲ. ಸಣ್ಣ ಮುದುಕಿ, ಮೊಳಕೈತನಾ ಬಳಿ. ಗುರುಲಿಂಗಪ್ಪ ಕುರ್ಚ್ಯಾಗ ನನ್ನ ಮುಚ್ಚಳಿಕಿ ಪ್ರತಿ ಇದ್ದ ಫೈಲಿನ ಮ್ಯಾಲ ಕೈ ಇಟಗೊಂಡು ಕೂತಿದ್ರು.

ಆಯಿ ನನಗ ಕೈ ಮುಗದ್ಲು. ಮೊಮ್ಮಗಳು ಹಿಂಗಿಂಗ ಹೇಳಾಕತ್ತಾಳ. ಭಾಗಪ್ಪನ ಮನಿ ಬಾಗಿಲಿಗೆ ಹೋಗಿ ಬಂದೆ, ಕೀಲಿ ಹಾಕ್ಯಾದ. ಅವನ ಮೊಮ್ಮಗ, ನಾ ಸುಳ್ಳ ಬರದಿದ್ದೆ ಅಂತಾನ. ನನಗ ಓದಾಕ ಬರೂದಿಲ್ಲ, ನೀವು ಓದೀರಂತಲ್ಲ ಅಂದ್ಲು.

"ಹುಡುಗರ ಮಾತು ನಂಬಿ ಬಳಿ ಒಡಕೊಳ್ಳಾಕ ಆಗೂದಿಲ್ಲ ಸಾಹೇಬ. ನೀವು ಹೂಂ ಅನ್ರಿ, ಇವತ್ತೇ ಒಡಕೋತೀನಿ. ಅವಗ ಫಾತಿಹಾ ಓದಸ್ತೀನಿ. ಖರೇ ಏನು?"

ಗುರುಲಿಂಗಪ್ಪ ಫೈಲಿನ ಮ್ಯಾಲಿನ ಕೈ ಅಲ್ಲಾಡಿಸಲಿಲ್ಲ. ಹೂಂ ಅನ್ನಾಕ ಎಷ್ಟೊತ್ತು ಬೇಕು? ಒಂದು ಉಸಿರು ಸಾಕು. ಹೂಂ ಅಂದ್ರ ಯಾರಿಂದ ಗೊತ್ತಾತು ಅಂತ ಬರ್ತದ, ಭಾಗಪ್ಪನ್ನ ಎಳಕೊಂಡು ಬರ್ತಾರ, ನನ್ನ ನೌಕರಿ ಹೋಗ್ತದ. ಇದೆಲ್ಲ ಆ ಒಂದು ಉಸಿರಿನಾಗ ತಲ್ಯಾಗ ಬಂದು ಹೋತು.

"ನಾ ಅಂಥಾದ್ದು ಏನೂ ಓದಿಲ್ಲಮ್ಮಾ," ಅಂದೆ.

ಆಯಿ ಅಳ್ತಾಳ ಅಂದ್ಕೊಂಡಿದ್ದೆ. ಬೈದಿದ್ರೂ ತಡಕೋತಿದ್ದೆ. ಆಕಿ ನಕ್ಕಳ್ರಿ. ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಎರಡೂ ಕೈ ಮ್ಯಾಲೆತ್ತಿ ದೇವರಿಗೆ ಶುಕರ್ ಹೇಳಿದ್ಲು. ಓದಿದ ಮಾಸ್ತರೇ ಇಲ್ಲ ಅಂದಮ್ಯಾಲ ಅಂವ ಎಲ್ಲೋ ಇದ್ದಾನ ಅಂದ್ಲು. ನನ್ನ ಮಕ್ಕಳು ಮರಿ ಸುಖವಾಗಿರಲಿ ಅಂತ ಹರಸಿದ್ಲು. ಆಮ್ಯಾಲ ಮೊಮ್ಮಗಳ ಕಡಿ ತಿರುಗಿ, ಮುತ್ಯಾನ್ನೇ ಸಾಯಿಸ್ತೀಯೇನು ಸುಳ್ಳಬುರುಕಿ ಅಂತ ಕಪಾಳಕ್ಕ ಹೊಡದ್ಲು.

ಖಾಜಾಬಿ ಅಳಲಿಲ್ಲ. ಕೆನ್ನಿ ಹಿಡಕೊಂಡು ನನ್ನೇ ನೋಡಿದ್ಲು.

"ಸರ್, ಚಂದ್ರಶಾನ ಪುಟಕ್ಕ ನೀವೇ ಸಹಿ ಮಾಡೀರಿ. ನಾ ನೋಡೀನಿ," ಅಂದ್ಲು.

ಕಚೇರ್ಯಾಗ ಸಾಹೇಬರ ಮ್ಯಾಲ ಬರಬೇಕಾಗಿದ್ದ, ಅರ್ಜಿ ಬರದವರ ಮ್ಯಾಲ, ಗುರುಲಿಂಗಪ್ಪನ ಮ್ಯಾಲ, ನನ್ನ ಮ್ಯಾಲ ಬರಬೇಕಾಗಿದ್ದ ಸಿಟ್ಟು ಅಷ್ಟೂ ಆಗ ಹೊರಗ ಬಂತು. ಯಾರ ಮ್ಯಾಲ ಬಂತು ಅಂತೀರಿ? ಆ ಹದಿನಾಕು ವರ್ಷದ ಹುಡುಗಿ ಮ್ಯಾಲ. ಹಿರೇರಿಗೆ ಎದುರ ಮಾತಾಡ್ತೀ, ಸುಳ್ಳ ಬ್ಯಾರೆ ಹೇಳ್ತೀ, ನಡಿ ಕ್ಲಾಸಿಗೆ ಅಂತ ಇಡೀ ಸಾಲಿಗೆ ಕೇಳೂ ಹಂಗ ಒದರಿದೆ.

ಆಕಿ ಹೂಂ ಸರ್ ಅಂದು ಕ್ಲಾಸಿಗೆ ಹೋದ್ಲು.