ಗರಸು ದಾರಿಯ ಪ್ರೇಮಕ್ಕ

ಕೊಚ್ಚಿಯ ಉತ್ತರಕ್ಕಿರುವ ದ್ವೀಪಗಳಿಗೆ ಸೇತುವೆಗಳು ಬರುವ ಮುಂಚಿನ ಮಾತು. ಕಲೂರಿನಲ್ಲಿ ಬಾಡಿಗೆಗಿದ್ದ ನಿರ್ಮಲ ಮತ್ತು ಶ್ರೀಪತಿ ರಜೆ ಬಂತೆಂದರೆ ಬೆಳಗಿನ ತಂಪಿಗೇ ಸೈಕಲ್ ಹತ್ತಿ ಹೊರಟುಬಿಡುತ್ತಿದ್ದರು.

ಮೈಸೂರಿನವನಾದ ಶ್ರೀಪತಿ ತಿರುವನಂತಪುರದ ಬಾಹ್ಯಾಕಾಶ ಕೇಂದ್ರದ ಎಂಜಿನಿಯರ್. ಯಾವುದೋ ಬಿಡಿಭಾಗಗಳ ತಯಾರಿಕೆಯ ಉಸ್ತುವಾರಿಗೆಂದು ಅವನನ್ನು ಎರಡು ವರ್ಷ ಕೊಚ್ಚಿಗೆ ಕಳಿಸಿದ್ದರು. ಮಗಳು ಪಾವನಾ ತಿರುವನಂತಪುರದಲ್ಲೇ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಗುರುತಿನವರಿಲ್ಲದ ಊರು, ಮಗಳಿಲ್ಲದ ಮನೆ. ನಿರ್ಮಲಳಿಗೆ ಮಧ್ಯಾಹ್ನಗಳು ಕಳೆಯುತ್ತಲೇ ಇರಲಿಲ್ಲ. ಅದನ್ನು ಕಂಡ ಶ್ರೀಪತಿ ಒಂದು ಸಂಜೆ ಅವಳಿಗೊಂದು ಲೇಡೀಸ್ ಸೈಕಲ್ ತಂದು ನಿಲ್ಲಿಸಿದ. ನಲವತ್ತರ ಹೊಸ್ತಿಲಲ್ಲಿ ಕಲಿಯುವುದೆಂದರೆ ನಾಚಿಕೆಯೇ. ಮೊಣಕಾಲು ತರಚಿಕೊಂಡು, ಪಕ್ಕದ ಮನೆಯವರ ಕಾಂಪೌಂಡಿಗೆ ಗುದ್ದಿ, ಅಂತೂ ಓಣಂ ಹೊತ್ತಿಗೆ ಕಲಿತಳು. ಫೋನಿನಲ್ಲಿ ಸುದ್ದಿ ಕೇಳಿದ ಪಾವನಾ ಮೊದಲು ನಂಬಲೇ ಇಲ್ಲ. ಆಮೇಲೆ ಮಲಯಾಳದಲ್ಲಿ ಏನೋ ಹೇಳಿ ಬಹಳ ಹೊತ್ತು ನಕ್ಕಳು.

ಕಲೂರಿನ ಬಸ್ಸುಗಳ ಗದ್ದಲ ದಾಟಿ, ಕಡವಿನಲ್ಲಿ ಸೈಕಲ್‌ಗಳನ್ನು ದೋಣಿಗೇರಿಸಿ ಆಚೆ ದಡ ಮುಟ್ಟಿದರೆ ಬೇರೆಯೇ ಲೋಕ. ಎರಡೂ ಕಡೆ ಉಪ್ಪುನೀರು ತುಂಬಿದ ಪೊಕ್ಕಾಳಿ ಗದ್ದೆಗಳು. ಮಳೆಗಾಲದಲ್ಲಿ ಅಲ್ಲಿ ಭತ್ತ, ಕೊಯ್ಲಾದ ಮೇಲೆ ಸಿಗಡಿ. ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಅಗಲದ ಏರಿ. ಅದರ ಮೇಲೆ ಕೆಂಪು ಗರಸು, ಗರಸಿನ ನಡುವೆ ಚಿಪ್ಪಿನ ಚೂರುಗಳು. ಚಕ್ರ ಉರುಳುವಾಗ ಹುರಿಗಡಲೆ ಅಗಿದಂತೆ ಸದ್ದಾಗುತ್ತಿತ್ತು. ಬೆಳ್ಳಕ್ಕಿಗಳು ಸೈಕಲ್ ತೀರ ಹತ್ತಿರ ಬರುವವರೆಗೂ ಏಳುತ್ತಿರಲಿಲ್ಲ. ಹಾಗೆಯೇ ಮುಂದೆ ಹೋದರೆ ಮಗ್ಗದ ಸದ್ದು ಕೇಳುವ ಚೇಂದಮಂಗಲದ ಓಣಿಗಳು, ಬಾಗಿಲು ಮುಚ್ಚಿದ ಯೆಹೂದಿಗಳ ಹಳೆಯ ಪ್ರಾರ್ಥನಾ ಮಂದಿರ, ಪಾಚಿಗಟ್ಟಿದ ಕೆಂಪುಕಲ್ಲಿನ ಗೋಡೆಗಳು.

ಜನವರಿಯ ಒಂದು ಶನಿವಾರ ಆ ಏರಿಯ ಮೇಲೆ ಶ್ರೀಪತಿಯ ಹಿಂದಿನ ಟೈರು ಚಿಪ್ಪಿಗೆ ಸಿಕ್ಕಿ ಉದ್ದಕ್ಕೆ ಸೀಳಿಹೋಯಿತು. ಪಕ್ಕದಲ್ಲೇ ಒಂದು ಸಣ್ಣ ಊರು, ಹಳೆಯ ದೇವಸ್ಥಾನ, ಅದರ ಮುಂದೆ ಕಡವು. ಸೈಕಲ್ ರಿಪೇರಿಗೆ ಪರವೂರು ಪೇಟೆಗೇ ಹೋಗಬೇಕೆಂದು ಆ ಕಡವಿನ ದೋಣಿಗಾರ ಜೋಸೆಫ್ ಹೇಳಿದ. ಅವನ ದೋಣಿ ಕಿರಿದು, ಎರಡು ಸೈಕಲ್ ಹಿಡಿಸುವಂತಿರಲಿಲ್ಲ. ನಿರ್ಮಲ ಅಲ್ಲೇ ಕಾಯುವುದೆಂದಾಯಿತು.

ದೋಣಿ ದಡ ಬಿಡುವಾಗ ಅವಳು ಕೂಗಿ ಹೇಳಿದಳು: "ರೀ, ಬಿಸ್ಲಲ್ಲಿ ನಿಂತ್ಕೋಬೇಡಿ, ಏನಾದ್ರೂ ತಿನ್ನಿ ಮೊದ್ಲು."

ಕಡವಿನ ಮೆಟ್ಟಿಲಲ್ಲಿ ಹಿತ್ತಾಳೆ ಪಾತ್ರೆ ಬೆಳಗುತ್ತಿದ್ದ ಹೆಂಗಸೊಬ್ಬಳು ತಟ್ಟನೆ ತಲೆಯೆತ್ತಿದಳು. ಐವತ್ತು ದಾಟಿದ ಪ್ರಾಯ, ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಕೈಯಲ್ಲಿದ್ದ ಉರುಳಿಯನ್ನು ಹಾಗೇ ಬಿಟ್ಟು ಎದ್ದು ಬಂದಳು.

"ನೀವು ಕನ್ನಡದವರಾ?"

ನಿರ್ಮಲ ಹೌದೆಂದಾಗ ಆಕೆ ಒದ್ದೆ ಕೈಯಲ್ಲೇ ಅವಳ ಕೈ ಹಿಡಿದುಕೊಂಡಳು. ಆಮೇಲೆ ಮಾತು ಬಂದದ್ದೇ ಬಂದದ್ದು, ನಿಲ್ಲಲೇ ಇಲ್ಲ.

ಆಕೆಯ ಹೆಸರು ಪ್ರೇಮ. ಕುಂಬಳೆ ಕಡೆಯವಳು. ಗಂಡ ದಾಮೋದರ ಭಟ್ಟರು ಆ ದೇವಸ್ಥಾನದ ಅರ್ಚಕರು. ತುಳುನಾಡಿನಿಂದ ಬಂದ ಅರ್ಚಕರನ್ನು ಅಲ್ಲಿಯವರು ಎಂಬ್ರಾಂದಿರಿ ಅನ್ನುತ್ತಾರೆ, ಹಾಗಾಗಿ ಪ್ರೇಮ ಊರಿಗೆಲ್ಲ ಎಂಬ್ರಾಂದಿರಿಯ ಹೆಂಡತಿ. ಹದಿನೇಳಕ್ಕೆ ಮದುವೆಯಾಗಿ ಬಂದವಳು. ಮಕ್ಕಳಾಗಲಿಲ್ಲ. ಮನೆಯಲ್ಲಿ ಭಟ್ಟರೊಡನೆ ತುಳು, ಹೊರಗೆ ಮಲಯಾಳ. ಶಾಲೆಯ ಕನ್ನಡ, ಅಪ್ಪ ಮಾಸ್ಟರಾಗಿದ್ದು ಕಲಿಸಿದ ಕನ್ನಡ, ಆಡಲು ಜನವಿಲ್ಲದೆ ಹಾಗೇ ಉಳಿದುಹೋಗಿತ್ತು.

ಮನೆಗೆ ಕರೆದೊಯ್ದು ಮಜ್ಜಿಗೆ ಕೊಟ್ಟು, ಊಟ ಮಾಡದೆ ಕಳಿಸುವುದಿಲ್ಲವೆಂದಳು. ಆದರೆ ಮಾತಾಡುತ್ತಿದ್ದರೂ ಅವಳ ಕಣ್ಣು ಅಂಗಳದ ತೆಂಗಿನ ಮರಕ್ಕೆ ಒರಗಿಸಿದ್ದ ಸೈಕಲ್ಲಿನ ಮೇಲೇ ಇತ್ತು. ಕೊನೆಗೆ ಎದ್ದು ಹೋಗಿ ಹ್ಯಾಂಡಲ್ ಮುಟ್ಟಿದಳು. ಹೆಬ್ಬೆರಳಿನಿಂದ ಬೆಲ್ಲನ್ನು ಸದ್ದಾಗದಷ್ಟು ಮೆಲ್ಲಗೆ ಒತ್ತಿದಳು. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ ಕದ್ದು ಹೊಳೆಯವರೆಗಿನ ಗರಸು ದಾರಿಯಲ್ಲಿ ಬಿಡುತ್ತಿದ್ದೆ ಎಂದಳು. ಅಪ್ಪನ ಹತ್ತಿರ ಪೆಟ್ಟು ತಿಂದದ್ದೂ ಅದಕ್ಕೇ. ಇಲ್ಲಿಗೆ ಬಂದ ಮೇಲೆ ಮುಟ್ಟಿಯೇ ಇರಲಿಲ್ಲ.

"ಒಂದು ಸುತ್ತು ಹೋಗಿ ನೋಡಿ ಅಕ್ಕ," ಎಂದಳು ನಿರ್ಮಲ.

"ಜನ ಎಂತ ಹೇಳಿಯಾರು?"

"ಈ ಬಿಸ್ಲಲ್ಲಿ ಯಾರಿದ್ದಾರೆ ನೋಡೋಕೆ?"

ಪ್ರೇಮ ಏರಿಯ ಆ ತುದಿ ಈ ತುದಿ ನೋಡಿದಳು. ಸೀರೆಯ ನೆರಿಗೆ ಎತ್ತಿ ಬಿಗಿಯಾಗಿ ಸಿಕ್ಕಿಸಿದಳು. ಏರಿಯ ಮೇಲೆ ನಿರ್ಮಲ ಹಿಂದಿನಿಂದ ಸೀಟು ಹಿಡಿದಳು. ಹ್ಯಾಂಡಲ್ ಎಡಕ್ಕೆ ಎಳೆಯಿತು, ಬಲಕ್ಕೆ ಎಳೆಯಿತು, ಒಂದು ಚಪ್ಪಲಿ ಕಳಚಿಬಿತ್ತು. ಆಮೇಲೆ ಸೀಟು ನಿರ್ಮಲಳ ಕೈ ಬಿಟ್ಟು ಮುಂದೆ ಹೋಯಿತು.

ಪ್ರೇಮ ಹೋದಳು. ಗರಸು ಚಕ್ರದಡಿ ಕರಕರ ಎನ್ನುತ್ತಿತ್ತು. ಬೆನ್ನು ನೆಟ್ಟಗಾಯಿತು, ಜಡೆ ಬಿಚ್ಚಿತು, ನೀರಿನಂಚಿನ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ನಿರ್ಮಲ ಹಿಂದೆ ಓಡುತ್ತಾ ನಗುತ್ತಿದ್ದಳು. ಅಷ್ಟರಲ್ಲಿ ಎದುರಿನಿಂದ, ದೇವಸ್ಥಾನದ ಬಾಗಿಲು ಹಾಕಿ, ಕೊಡೆ ಹಿಡಿದು ಬರುತ್ತಿದ್ದ ಭಟ್ಟರು ಕಂಡರು.

ಏರಿ ಕಿರಿದು. ಪ್ರೇಮಳಿಗೆ ಬ್ರೇಕು ನೆನಪಾಗಲಿಲ್ಲ. ಅಣ್ಣನ ಹಳೆಯ ಸೈಕಲ್ಲಿಗೆ ಬ್ರೇಕೇ ಇರಲಿಲ್ಲವಂತೆ. ಭಟ್ಟರು ಒಂದು ಕ್ಷಣ ನಿಂತು ನೋಡಿದರು. ಆಮೇಲೆ ಕೊಡೆ ಮಡಚಿ, ಕೈಯಲ್ಲಿದ್ದ ಪ್ರಸಾದದ ಬಾಳೆಲೆಯನ್ನು ಎತ್ತಿ ಹಿಡಿದು, ಗದ್ದೆಯ ನೀರಿಗೆ ಇಳಿದು ನಿಂತರು. ಮೊಣಕಾಲವರೆಗೆ ಕೆಸರು. ಹೆಂಡತಿ ಅವರ ಪಕ್ಕದಲ್ಲೇ ಹಾದು ಮುಂದೆ ಹೋಗಿ, ತೂಬಿನ ಕಟ್ಟೆಗೆ ಕಾಲು ಕೊಟ್ಟು ಹೇಗೋ ನಿಂತಳು. ತಿರುಗಿ ನೋಡುವ ಧೈರ್ಯವಾಗಲಿಲ್ಲ ಅವಳಿಗೆ.

ಹಿಂದೆ ಓಡಿ ಬರುತ್ತಿದ್ದ ನಿರ್ಮಲ ಅಲ್ಲೇ ನಿಂತಳು. ಎಲ್ಲಿಂದಲೋ ಬಂದು ಒಂದು ಸಂಸಾರಕ್ಕೆ ಜಗಳ ತಂದಿಟ್ಟೆನಲ್ಲ ಎಂದುಕೊಂಡಳು.

ಭಟ್ಟರು ನೀರಿನಲ್ಲಿ ನಿಂತೇ ಕೇಳಿದರು: "ಇನ್ನು ತಿರುಗಿಸ್ಲಿಕ್ಕೆ ಗೊತ್ತುಂಟಾ?"

"ಇಳಿದು ತಿರುಗಿಸ್ತೇನೆ," ಎಂದಳು ಪ್ರೇಮ, ಅಳುವೋ ನಗುವೋ ತಿಳಿಯದ ದನಿಯಲ್ಲಿ.

ಭಟ್ಟರು ಕೆಸರು ತೊಳೆದುಕೊಂಡು ಬಂದು ಊಟಕ್ಕೆ ಕೂತರು. ಪ್ರೇಮ ತಲೆಯೆತ್ತದೆ ಸಾರು ಬಡಿಸಿದಳು. ಮಜ್ಜಿಗೆಯ ಅನ್ನಕ್ಕೆ ಬಂದ ಮೇಲೆ ಅವರು ನಿರ್ಮಲಳ ಕಡೆ ನೋಡುತ್ತಾ, ಅವಳಿಗೆ ತಿಳಿಯಲೆಂದೋ ಏನೋ ಕನ್ನಡದಲ್ಲೇ, ಹೆಣ್ಣು ನೋಡಲು ಹೋದ ಕತೆ ಹೇಳಿದರು. ಕುಂಬಳೆಯ ಸ್ಟೇಷನ್ನಿನಲ್ಲಿ ಇಳಿದು ಸೋದರಮಾವನ ಜೊತೆ ನಡೆದು ಹೋಗುತ್ತಿದ್ದರಂತೆ. ಇಳಿಜಾರಿನಲ್ಲಿ ಒಬ್ಬಳು ಹುಡುಗಿ ಗಂಡಸರ ಸೈಕಲ್ಲಿನಲ್ಲಿ ಧೂಳೆಬ್ಬಿಸಿಕೊಂಡು ಎದುರು ಬಂದಳು. ಸೋದರಮಾವ ಬೈದರು. ಇವರು ಚರಂಡಿಗೆ ಇಳಿದು ದಾರಿ ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಅದೇ ಹುಡುಗಿ ಸೀರೆಯುಟ್ಟು, ತಲೆ ತಗ್ಗಿಸಿ ಇವರಿಗೆ ಕಾಫಿ ತಂದುಕೊಟ್ಟಳು. ಮೊಣಕೈಯಲ್ಲಿ ಹಸಿಗಾಯವಿತ್ತು.

ಪ್ರೇಮ ಸೌಟು ಹಿಡಿದುಕೊಂಡೇ ನಿಂತಿದ್ದಳು.

"ಅದು ನೀವಾ?" ಎಂದಳು. "ಇಷ್ಟು ವರ್ಷ ಹೇಳ್ಲೇ ಇಲ್ಲವಲ್ಲ."

"ಆ ಸಂಬಂಧ ಬೇಡ ಅಂತ ಮಾವ ಹೇಳಿದ್ದು. ನಾನು ಅದೇ ಆಗ್ಬೇಕು ಅಂದೆ," ಎಂದರು ಭಟ್ಟರು. ಅನ್ನ ಕಲಸುತ್ತಾ, "ಆಮೇಲೆ ಇಲ್ಲಿ ಬೇರೆಯವರ ಊರು, ದೇವರ ಕೆಲಸ. ನೀನೂ ಸೈಕಲ್ ಕೇಳ್ಲಿಲ್ಲ, ಕೊಡಿಸ್ಲಿಕ್ಕೆ ನನಗೂ ಧೈರ್ಯ ಬರ್ಲಿಲ್ಲ," ಎಂದರು.

ಇಬ್ಬರೂ ಮುಖ ಮುಖ ನೋಡಿಕೊಳ್ಳಲಿಲ್ಲ. ನಿರ್ಮಲ ನೀರು ತರುವ ನೆಪ ಮಾಡಿ ಬಾವಿಕಟ್ಟೆಗೆ ಹೋದಳು. ಅಲ್ಲಿ ನಿಂತು, ಕಾರಣವಿಲ್ಲದೆ, ತನಗಾಗಿ ಸೈಕಲ್ ತಂದ ಸಂಜೆ ಶ್ರೀಪತಿಯ ಶರ್ಟಿಗೆಲ್ಲ ಗ್ರೀಸ್ ಮೆತ್ತಿದ್ದನ್ನು ನೆನೆದಳು. ಆವತ್ತು ಅವಳು ಕೊಳೆಯಾಯಿತೆಂದು ಬೈದಿದ್ದಳು.

ಶ್ರೀಪತಿ ಹೊಸ ಟೈರು ಹಾಕಿಸಿಕೊಂಡು ಬಂದಾಗ ಬಿಸಿಲು ಇಳಿದಿತ್ತು. ಏನೇನಾಯಿತೆಂದು ಹಿಂದಿರುಗುವ ದಾರಿಯುದ್ದಕ್ಕೂ ಹೆಂಡತಿ ಹೇಳಿದಳು, ಅವನು ಮತ್ತೆ ಮತ್ತೆ ಹೇಳಿಸಿಕೊಂಡು ಕೇಳಿದ.

ಮುಂದಿನ ತಿಂಗಳು ಹೋದಾಗ ಪ್ರೇಮಳ ಮನೆಯ ಜಗಲಿಯಲ್ಲಿ ಒಂದು ಹಳೆಯ ಲೇಡೀಸ್ ಸೈಕಲ್ ನಿಂತಿತ್ತು. ಭಟ್ಟರು ಮಟ್ಟಾಂಚೇರಿಯಲ್ಲಿ ಕೊಂಡು, ದೋಣಿಯಿಂದ ದೋಣಿಗೆ ದಾಟಿಸಿ ತಂದದ್ದು. ದೇವಸ್ಥಾನದ ಆಡಳಿತದವರಲ್ಲಿ ಒಬ್ಬಿಬ್ಬರು ಗೊಣಗಿದರಂತೆ. ಪೂಜೆ ಮಾಡುವವನು ನಾನು, ಸೈಕಲ್ ಬಿಡುವವಳು ಅವಳು ಎಂದು ಭಟ್ಟರು ಅಂದ ಮೇಲೆ ಸುಮ್ಮನಾದರಂತೆ. ಅಲ್ಲಿಂದ ಹೆಂಗಸರಿಬ್ಬರ ಸವಾರಿ ಶುರುವಾಯಿತು. ಚೇಂದಮಂಗಲದ ಓಣಿಗೆ ಹೊಕ್ಕರೆ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು, ನೇಯುವ ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದರು. ದಾರಿಯಲ್ಲಿ ಪ್ರೇಮಳಿಗೆ ಮರೆತ ಪದಗಳು ನೆನಪಾಗುತ್ತಿದ್ದವು. ಮಿಂಚುಳ್ಳಿ ಅಂದಳು ಒಮ್ಮೆ, ತಂತಿಯ ಮೇಲೆ ಕೂತ ನೀಲಿ ಹಕ್ಕಿಯನ್ನು ಕಂಡು. ಹೇಳಿ ತಾನೇ ಬೆರಗಾದಳು. ನಿರ್ಮಲಳಿಗೋ, ಇಷ್ಟು ವರ್ಷ ತಾನು ಕೇರಳದಲ್ಲಿ ಬರೀ ಗಂಡನ ಕೆಲಸದ ಊರಿನಲ್ಲಿದ್ದೆ, ಈಗಷ್ಟೇ ತನ್ನದೊಂದು ಊರು ಸಿಕ್ಕಿತು ಅನ್ನಿಸುತ್ತಿತ್ತು.

ಎರಡು ವರ್ಷ ಮುಗಿದು ಶ್ರೀಪತಿ ತಿರುವನಂತಪುರಕ್ಕೆ ಮರಳಿದ. ಅಲ್ಲಿ ಎಲ್ಲ ಡಾಂಬರು ದಾರಿ. ನಿರ್ಮಲ ಕ್ವಾರ್ಟರ್ಸಿನ ಸುತ್ತ ಬೆಳಗ್ಗೆ ಸೈಕಲ್ ಬಿಡುವಾಗ ಚಕ್ರಕ್ಕೆ ಸದ್ದೇ ಇರುತ್ತಿರಲಿಲ್ಲ. ನಿದ್ದೆಗಣ್ಣಿನ ಪಾವನಾ ಒಂದೆರಡು ಸಲ ಜೊತೆಗೆ ಬಂದಳು, ಅಮ್ಮ ಇಷ್ಟು ಜೋರಾಗಿ ಬಿಡುತ್ತಾಳೆಂದು ಆಗಲೇ ಅವಳಿಗೆ ಗೊತ್ತಾದದ್ದು.

ತೊಂಬತ್ತೆಂಟರ ಬೇಸಿಗೆಯಲ್ಲಿ ಭಟ್ಟರು ದೇವಸ್ಥಾನದ ಕೆಲಸ ಬಿಟ್ಟು ಊರಿಗೆ ಹೊರಟರು. ಬೀಳ್ಕೊಡಲು ನಿರ್ಮಲ, ಶ್ರೀಪತಿ ಎರ್ನಾಕುಲಂ ಸ್ಟೇಷನ್ನಿಗೆ ಬಂದರು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಭಟ್ಟರು ಪಾರ್ಸೆಲಿನವರ ಜೊತೆ ನಿಂತು, ಸೈಕಲ್ಲಿನ ಮೇಲೆ ಬೇರೆ ಮೂಟೆ ಹೇರಬಾರದು, ಚೈನು ಕಳಚುತ್ತದೆ ಎಂದು ಮಲಯಾಳದಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಪ್ರೇಮ ನಿರ್ಮಲಳ ಕೈ ಹಿಡಿದುಕೊಂಡಿದ್ದಳು.

"ನಿಮ್ಮ ಯಜಮಾನರ ಟೈರು ಆವತ್ತು ಒಡೆಯದಿದ್ರೆ?" ಎಂದಳು.

ಗಾಡಿ ಹೊರಟ ಮೇಲೂ ಹಳಿಯ ತಿರುವಿನವರೆಗೆ ಕಿಟಕಿಯಲ್ಲಿ ಪ್ರೇಮಳ ಕೈ ಕಾಣುತ್ತಲೇ ಇತ್ತು. ತಿರುವನಂತಪುರದ ಗಾಡಿಗೆ ಇನ್ನೂ ಹೊತ್ತಿತ್ತು. ಕಡವಿನವರೆಗೆ ಹೋಗಿ ಬರೋಣವೇ ಎಂದು ಶ್ರೀಪತಿ ಕೇಳಿದ. ಬೇಡ ಎಂದಳು ಅವಳು, ಅವನ ತೋಳು ಹಿಡಿದು ಬೆಂಚಿನ ಮೇಲೆ ಕೂತಳು.